ಹೆಸರು ರಾಜ್ಯಪಾಲರದ್ದು, ತೀರ್ಮಾನ ಯಾರದ್ದು?

ಸರ್ಕಾರಿ ಆದೇಶ ಕೈಗೆ ಬಂದರೆ ನಾನು ಮೊದಲು ಕೊನೆಯ ಪುಟ ತೆಗೆಯುತ್ತೇನೆ. ಅಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲಿರುತ್ತದೆ. ಕೆಳಗೆ ಸಹಿ ಮಾತ್ರ ಅಧೀನ ಕಾರ್ಯದರ್ಶಿಯದ್ದೋ ಬೇರೆ ಅಧಿಕಾರಿಯದ್ದೋ. ‘ಸರ್, ಹಾಗಾದ್ರೆ ರಾಜ್ಯಪಾಲರಿಗೇ ಒಂದು ಅರ್ಜಿ ಹಾಕೋಣ್ವಾ?’ ಎಂದು ಕಕ್ಷಿದಾರರು ಕೇಳುತ್ತಾರೆ. ಕೇಳುವುದು ಸಹಜವೇ. ಆದರೆ ಒಂದು ವರ್ಗಾವಣೆಯ ಕಡತ ಸಾಮಾನ್ಯವಾಗಿ ರಾಜಭವನದ ಗೇಟನ್ನೂ ದಾಟಿರುವುದಿಲ್ಲ.

ಸಂವಿಧಾನದ 154ನೇ ವಿಧಿ ಕಾರ್ಯಾಂಗದ ಅಧಿಕಾರವನ್ನು ರಾಜ್ಯಪಾಲರಿಗೆ ಕೊಡುತ್ತದೆ. 163ನೇ ವಿಧಿ ಮಂತ್ರಿಮಂಡಲದ ಸಲಹೆಯನ್ನು ಜೊತೆಗಿಡುತ್ತದೆ. ಕೆಲವು ಸಂದರ್ಭ ಬಿಟ್ಟರೆ ರಾಜ್ಯಪಾಲರು ಆ ಸಲಹೆಯಂತೆಯೇ ನಡೆಯಬೇಕು ಎಂದು 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಗಳವೆಲ್ಲ ಆ ‘ಕೆಲವು ಸಂದರ್ಭ’ಗಳದ್ದೇ. ಬಹುಮತ ಯಾರಿಗಿದೆ ಎಂಬ ಪ್ರಶ್ನೆಯನ್ನೇ ನೋಡಿ. 1989ರಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆಯಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂಬ ತೀರ್ಪು ಬರುವಷ್ಟರಲ್ಲಿ 1994 ಆಗಿತ್ತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಇನ್ನೊಂದು ಚುನಾವಣೆಯೇ ಮುಗಿದಿತ್ತು!

ನಿಜವಾದ ಹಿಡಿತ ಮುಖ್ಯಮಂತ್ರಿಯದ್ದು. ಯಾರು ಮಂತ್ರಿ, ಯಾರಿಗೆ ಯಾವ ಖಾತೆ ಎಂಬುದು ಅವರ ಸಲಹೆಯಂತೆ ನಡೆಯುತ್ತದೆ. ಸಂಖ್ಯೆಗೆ ಮಿತಿಯಿದೆ: ಸದನದ ಶೇ. 15. ನಮ್ಮ 224 ಸ್ಥಾನಗಳಿಗೆ, ಮುಖ್ಯಮಂತ್ರಿಯೂ ಸೇರಿ 34 ಮಂದಿ. ಉಪಮುಖ್ಯಮಂತ್ರಿ ಎಂಬ ಹುದ್ದೆ ಸಂವಿಧಾನದಲ್ಲಿ ಇಲ್ಲವೇ ಇಲ್ಲ. ಕಾನೂನಿನ ಕಣ್ಣಲ್ಲಿ ಅವರೂ ಒಬ್ಬ ಮಂತ್ರಿ, ಅಷ್ಟೇ.

ಇನ್ನು ಮಂತ್ರಿಗಳ ಮಾತು. ಒಬ್ಬ ನಿವೃತ್ತ ನೌಕರರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಒಂದು ಪತ್ರ ತಂದಿದ್ದರು. ಅಂಚಿನಲ್ಲಿ ಮಂತ್ರಿಗಳ ಕೈಬರಹ: ‘ನಿಯಮಾನುಸಾರ ಕ್ರಮ ಕೈಗೊಳ್ಳಿ.’ ‘ಆರ್ಡರ್ ಆಗಿದೆ ಸರ್, ಕೆಳಗಿನವರು ಜಾರಿ ಮಾಡ್ತಿಲ್ಲ’ ಎಂದರು. ಆಗಿರಲಿಲ್ಲ. ‘ನಿಯಮಾನುಸಾರ’ ಎಂಬ ಪದವೇ ಅರ್ಧ ಬಾಗಿಲು ಮುಚ್ಚಿತ್ತು.

ಅವರಿಗೆ ಬಚ್ಚಿತ್ತರ್ ಸಿಂಗ್ ಪ್ರಕರಣ ಹೇಳಿದೆ. ಹಳೆಯ ಪೆಪ್ಸು (ಪಟಿಯಾಲ ಮತ್ತು ಪೂರ್ವ ಪಂಜಾಬ್ ಸಂಸ್ಥಾನಗಳ ಒಕ್ಕೂಟ) ರಾಜ್ಯದಲ್ಲಿ ಕೆಲಸದಿಂದ ವಜಾ ಆದ ನೌಕರರು ಈ ಬಚ್ಚಿತ್ತರ್ ಸಿಂಗ್. ವಜಾ ಬೇಡ, ಮೂಲ ಹುದ್ದೆಗೆ ಇಳಿಸಿದರೆ ಸಾಕು ಎಂದು ಕಂದಾಯ ಮಂತ್ರಿ ಕಡತದಲ್ಲಿ ಬರೆದರು. ಅದು ಆದೇಶವಾಗಿ ಹೊರಬರಲೇ ಇಲ್ಲ. 1956ರಲ್ಲಿ ಪೆಪ್ಸು ಪಂಜಾಬಿಗೆ ಸೇರಿತು. ಅಲ್ಲಿನ ಮುಖ್ಯಮಂತ್ರಿ ವಜಾವನ್ನೇ ಖಾಯಂ ಮಾಡಿದರು. ಮಂತ್ರಿ ಬರೆದದ್ದು ಅವರ ಅಭಿಪ್ರಾಯ ಮಾತ್ರ. ರಾಜ್ಯಪಾಲರ ಹೆಸರಿನಲ್ಲಿ ಹೊರಟು ಸಂಬಂಧಪಟ್ಟವರಿಗೆ ತಲುಪುವವರೆಗೆ ಅದು ಆದೇಶವಲ್ಲ ಎಂದಿತು ಸುಪ್ರೀಂ ಕೋರ್ಟ್. 1962ರ ಈ ಮಾತು ಇವತ್ತಿಗೂ ನಮ್ಮ ದಿನನಿತ್ಯದ ಸರಕು.

ಆ ಹೆಸರು ಅಲಂಕಾರಕ್ಕಲ್ಲ ಎಂದು ಆಗ ಗೊತ್ತಾಗುತ್ತದೆ, ಅಲ್ವಾ? ತೀರ್ಮಾನ ರಾಜ್ಯಪಾಲರದ್ದಲ್ಲ. ಆದರೂ ಅವರ ಹೆಸರಿಲ್ಲದೆ ಸರ್ಕಾರ ಮಾತಾಡಿದಂತೆ ಆಗುವುದಿಲ್ಲ. ವಿಚಿತ್ರವೆಂದರೆ ಕೇಸು ಹಾಕುವಾಗ ಆ ಹೆಸರು ಎಲ್ಲೂ ಬರುವುದಿಲ್ಲ. ಅಧಿಕಾರದ ಕೆಲಸಗಳಿಗೆ ರಾಜ್ಯಪಾಲರು ಕೋರ್ಟಿಗೆ ಉತ್ತರ ಕೊಡಬೇಕಿಲ್ಲ ಎಂಬ 361ನೇ ವಿಧಿಯ ರಕ್ಷಣೆ ಅವರಿಗಿದೆ. ಪ್ರತಿವಾದಿ ಕರ್ನಾಟಕ ರಾಜ್ಯ, ಇಲಾಖೆಯ ಕಾರ್ಯದರ್ಶಿಯ ಮೂಲಕ.

ಆ ಹಿರಿಯರಿಗೆ ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಲು ಹೇಳಿ ಕಳಿಸಿದೆ. ಪತ್ರವನ್ನು ಮತ್ತೆ ಮಡಿಸಿ ಅದೇ ಕವರಿಗೆ ಹಾಕಿಕೊಂಡರು.