ಮಿಠಿ ಅಂದ್ರೆ ಸಿಹಿ: ಬಾವಿ ನೀರನ್ನ ನಂಬಿ ನಿಂತಿರೋ ಒಂದು ಜಿಲ್ಲೆ

ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಆಗ್ನೇಯ ಮೂಲೇಲಿ ಥಾರ್‌ಪಾರ್ಕರ್ ಅಂತ ಒಂದು ಜಿಲ್ಲೆ ಇದೆ. ಪೂರ್ವಕ್ಕೆ ನಮ್ಮ ರಾಜಸ್ಥಾನ, ದಕ್ಷಿಣಕ್ಕೆ ಕಛ್‌ನ ರಣ್. ಅದರ ಜಿಲ್ಲಾ ಕೇಂದ್ರದ ಹೆಸರು ಮಿಠಿ, ಸಿಂಧಿಯಲ್ಲಿ ಹಾಗಂದ್ರೆ ಸಿಹಿ. ಮಿಠಾಂ ಅನ್ನೋ ಹೆಣ್ಣುಮಗಳು ದಾರಿಹೋಕರಿಗೆ ಅಂತ ಬಾವಿ ತೋಡಿಸಿದ್ಳು, ಅವಳ ಹೆಸರೇ ಊರಿಗೆ ಬಂತು ಅಂತ ಹೇಳೋರೂ ಇದಾರೆ. ಯಾವ ಕಥೆ ಹಿಡಿದ್ರೂ ಕೊನೆಗೆ ಬಂದು ನಿಲ್ಲೋದು ಬಾವಿ ಕಟ್ಟೆ ಹತ್ರಾನೇ, ಆ ಜಿಲ್ಲೆ ಅರ್ಥ ಆಗಬೇಕು ಅಂದ್ರೆ ನಾವೂ ಅಲ್ಲಿಂದಲೇ ಶುರು ಮಾಡಬೇಕು.

ಮರುಭೂಮಿ ಅಂದಕೂಡ್ಲೆ ನಮ್ಮ ತಲೇಲಿ ಬರೋದು ಖಾಲಿ ಮರಳು, ಒಂದು ಒಂಟೆ, ದೂರದಲ್ಲಿ ಮರೀಚಿಕೆ. ಸಹಾರಾದಲ್ಲಿ ಅದು ನಿಜ ಇರಬಹುದು, ಅಲ್ಲಿ ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯನ ಲೆಕ್ಕ ಕೊಡೋದೂ ಕಷ್ಟ. ಥಾರ್‌ಪಾರ್ಕರ್ ವಿಸ್ತೀರ್ಣ ಸುಮಾರು 19,600 ಚದರ ಕಿಲೋಮೀಟರು, ನಮ್ಮಲ್ಲೇ ಅತಿ ದೊಡ್ಡದಾದ ಬೆಳಗಾವಿ ಜಿಲ್ಲೆಯ ಹತ್ತತ್ರ ಒಂದೂವರೆ ಪಟ್ಟು. 1998ರ ಜನಗಣತಿಯಲ್ಲಿ ಅಲ್ಲಿ 9 ಲಕ್ಷ ಚಿಲ್ಲರೆ ಜನ ಇದ್ರು, 2017ಕ್ಕೆ 16 ಲಕ್ಷದ 49 ಸಾವಿರ, 2023ಕ್ಕೆ 17 ಲಕ್ಷದ 78 ಸಾವಿರ. ಅಂದ್ರೆ ಚದರ ಕಿಲೋಮೀಟರಿಗೆ ಸುಮಾರು 90 ಜನ, ಅದೂ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಹಳ್ಳಿಗಳಲ್ಲೇ! ನದಿ ಇಲ್ಲ, ಪಶ್ಚಿಮದ ಅಂಚು ಬಿಟ್ರೆ ಕಾಲುವೆ ನೀರಿಲ್ಲ, ಮಳೆ ಅಂತೂ ವರ್ಷಕ್ಕೆ ಸರಾಸರಿ 200ರಿಂದ 300 ಮಿಲಿಮೀಟರು, ಅದೂ ಜುಲೈನಿಂದ ಸೆಪ್ಟೆಂಬರ್ ಒಳಗೆ, ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಇಷ್ಟು ಜನ, ಅವರಿಗಿಂತ ಹಲವು ಪಟ್ಟು ಕುರಿ ಮೇಕೆ ದನ ಒಂಟೆ, ಇವೆಲ್ಲ ಹೇಗೆ ಬದುಕ್ತಿವೆ?

ಉತ್ತರ ಇರೋದು ಮರಳಲ್ಲಿ. ಹೌದು, ನಾವು ಬೈಯೋ ಅದೇ ಮರಳಲ್ಲಿ.

ಒಂದು ಸೆಂಟಿಮೀಟರ್ ಮಳೆ ಜೇಡಿಮಣ್ಣಿನ ಮೇಲೆ ಬಿದ್ರೆ ಮೂರ್ನಾಲ್ಕು ಸೆಂಟಿಮೀಟರ್ ಆಳ ನೆನೆಯುತ್ತೆ, ಅಷ್ಟೇ. ಅಷ್ಟೇ ಮಳೆ ಮರಳ ಮೇಲೆ ಬಿದ್ರೆ ಹತ್ತು ಸೆಂಟಿಮೀಟರಿಗೂ ಮಿಕ್ಕಿ ಕೆಳಗಿಳಿಯುತ್ತೆ. ಯಾಕಂದ್ರೆ ಮರಳಿನ ಕಣ ದಪ್ಪ, ನಡುವೆ ಸಂದು ದೊಡ್ಡದು, ನೀರನ್ನ ಹಿಡಿದಿಟ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ತೇವ ಇರೋ ಕಡೆ ಇದು ದೋಷ, ಅದಕ್ಕೇ ನಮ್ಮ ರೈತರು ಮರಳು ನೆಲಕ್ಕೆ ಕೆರೆಗೋಡು ಹೊಡೆಸ್ತಾರೆ. ಒಣಭೂಮಿಯಲ್ಲಿ ಇದೇ ಗುಣ ಆಗಿಬಿಡುತ್ತೆ, ನೀರು ಬಿಸಿಲಿನ ಕೈಗೆ ಸಿಗೋ ಮುಂಚೆನೇ ಆಳಕ್ಕೆ ಓಡಿಹೋಗುತ್ತೆ. ಹೋದ ನೀರು ವಾಪಸ್ ಮೇಲೆ ಬರೋದೂ ಕಷ್ಟ. ದೀಪದ ಬತ್ತಿ ಎಣ್ಣೆ ಮೇಲೆಳೆಯೋದು ಯಾಕೆ, ಅರಳೆಯ ಎಳೆಗಳ ನಡುವಿನ ಸಂದು ಸಣ್ಣದಿರೋದ್ರಿಂದ. ಜೇಡಿ ಅಂದ್ರೆ ಒಳ್ಳೆ ಬತ್ತಿ, ನೀರನ್ನ ಎಳೆದೆಳೆದು ಬಿಸಿಲಿಗೆ ಕೊಡುತ್ತೆ. ಮರಳು ಕೆಟ್ಟ ಬತ್ತಿ, ಮೇಲಿನ ನಾಲ್ಕು ಬೆರಳು ಒಣಗಿತು ಅಂದ್ರೆ ಅದೇ ಮುಚ್ಚಳ ಆಗುತ್ತೆ. ಮಳೆ ಬಿದ್ದ ಎರಡು ವಾರಕ್ಕೆ ಥಾರ್ ಹಸಿರಾಗೋದು, ಸಜ್ಜೆ, ಗೋರಿಕಾಯಿ, ಹೆಸರು, ಎಳ್ಳು ಎಲ್ಲಾ ಬಿತ್ತೋಕಾಗೋದು ಈ ಮುಚ್ಚಳದ ದಯೆಯಿಂದ. ಪವಾಡ ಏನಿಲ್ಲ.

ಜೋರು ಮಳೆಯಾದ ವರ್ಷ ಬೇರುಗಳನ್ನೂ ದಾಟಿ ಸ್ವಲ್ಪ ನೀರು ಇನ್ನೂ ಆಳಕ್ಕೆ ಹೋಗುತ್ತೆ. ಅಲ್ಲಿ ಮೊದಲೇ ನೀರಿದೆ, ಆದ್ರೆ ಬಹುಪಾಲು ಸವಳು, ಕೆಲವು ಕಡೆ ಬಾಯಿಗಿಡೋಕಾಗದಷ್ಟು ಉಪ್ಪು. ಸಿಹಿನೀರು ಹಗುರ, ಉಪ್ಪುನೀರು ಭಾರ. ಹೊಸ ಮಳೆನೀರು ಹೋಗಿ ಹಳೇ ಉಪ್ಪುನೀರಿನ ಮೇಲೆ ತೇಲ್ತಾ ನಿಲ್ಲುತ್ತೆ, ಮಧ್ಯ ದಪ್ಪ ಅಂಚು ತೆಳು, ದೋಸೆ ಹಂಚಿನ ಮೇಲೆ ಹರಡದೆ ಬಿಟ್ಟ ಸೆಟ್ ದೋಸೆ ಥರ. ವಿಜ್ಞಾನಿಗಳು ಇದಕ್ಕೆ ಲೆನ್ಸ್ ಅಂತಾರೆ. ಎಣ್ಣೆ ನೀರಿನ ಮೇಲೆ ತೇಲೋ ಹಾಗೆ ಅಂತ ಕೆಲವರು ಬರೀತಾರೆ, ಆ ಹೋಲಿಕೆ ನನಗೆ ಸರಿಕಾಣಲ್ಲ, ಎಣ್ಣೆ ಬೆರೆಯೋದೇ ಇಲ್ಲ, ಇದು ಕಲಕಿದ್ರೆ ಬೆರೆತುಹೋಗೋ ನೀರು. ಸರಿಯಾದ ಹೋಲಿಕೆ ನಮ್ಮ ಅಡುಗೆಮನೇಲೇ ಇದೆ: ಸಾರು. ಇಳಿಸಿ ಹತ್ತು ನಿಮಿಷ ಬಿಟ್ರೆ ಮೇಲೆ ತಿಳಿ, ತಳದಲ್ಲಿ ಗಷ್ಟ. ಸೌಟನ್ನ ಮೆಲ್ಲಗೆ ಇಳಿಸಿ ಮೇಲಿಂದ ತೆಗೆದ್ರೆ ಇಡೀ ಪಾತ್ರೆ ತಿಳಿಸಾರೇ ಸಿಗುತ್ತೆ, ಅವಸರಕ್ಕೆ ಒಂದ್ಸಲ ಬುಡಕ್ಕೆ ಸೌಟು ಹಾಕಿದ್ರೆ ಮುಗೀತು, ಗಷ್ಟ ಎಲ್ಲಾ ಎದ್ದು ಮೇಲೆ ಬರುತ್ತೆ.

ಇದರ ಲೆಕ್ಕ ಹಾಕಿದ್ದು ಇಬ್ಬರು, ಹಾಲೆಂಡಿನ ಬಾಡನ್ ಘೈಬೆನ್ 1880ರ ದಶಕದ ಕೊನೇಲಿ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ. ಇಬ್ಬರೂ ನೋಡಿದ್ದು ಸಮುದ್ರ ತೀರದ ಮರಳ ದಿಬ್ಬಗಳನ್ನ. ಆಮ್‌ಸ್ಟರ್‌ಡ್ಯಾಂ ನಗರ 1853ರಿಂದಲೇ ಇಂಥ ದಿಬ್ಬದ ನೀರು ಕುಡೀತಿತ್ತು, ಎಳೆದೂ ಎಳೆದೂ ಮುಂದೆ ಉಪ್ಪು ಮೇಲೇರೋ ಚಿಂತೆ ಶುರುವಾಯ್ತು, ಕೊನೆಗೆ ನದಿ ನೀರನ್ನ ತಂದು ಅದೇ ಮರಳಿಗೆ ಇಂಗಿಸೋಕೆ ಶುರುಮಾಡಿದ್ರು. ಆ ಇಬ್ಬರ ಸೂತ್ರ ಸರಳ. ಸಮುದ್ರದ ನೀರು ಸಿಹಿನೀರಿಗಿಂತ 40ರಲ್ಲಿ ಒಂದು ಪಾಲು ಹೆಚ್ಚು ಭಾರ. ಹಾಗಾಗಿ ಸಿಹಿನೀರು ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಅಡಿ ಉಬ್ಬಿದ್ರೆ ಕೆಳಗೆ 40 ಅಡಿ ಇಳಿದಿರುತ್ತೆ. ಉಲ್ಟಾ ಓದಿದ್ರೆ ಭಯ ಆಗುತ್ತೆ: ಪಂಪು ಹಾಕಿ ಮೇಲಿನ ಮಟ್ಟ ಒಂದು ಅಡಿ ಇಳಿಸಿ ಹಾಗೇ ಬಿಟ್ರೆ ಕೆಳಗಿನ ಉಪ್ಪು 40 ಅಡಿ ಮೇಲೇರೋಕೆ ಹೊರಡುತ್ತೆ. ಥಾರಿನ ಅಡಿಯಲ್ಲಿರೋದು ಸಮುದ್ರದಷ್ಟು ಉಪ್ಪಿರೋ ನೀರಲ್ಲ, ಪದರಗಳೂ ಜೇಡಿ ಸೇರಿ ಗೋಜಲು, ಹಾಗಾಗಿ 40ರ ಲೆಕ್ಕ ಅಲ್ಲಿ ಹಾಗೇ ನಡೆಯಲ್ಲ. ಆದ್ರೆ ತತ್ವ ಒಂದೇ, ತಿಳಿ ತೆಳ್ಳಗಿದೆ, ಮೆಲ್ಲಗೆ ತೆಗೀಬೇಕು.

ಮೆಲ್ಲಗೆ ತೆಗೆಯೋದು ಹೇಗೆ ಅಂತ ಅಲ್ಲಿನೋರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಕಡೆ ಕಪಿಲೆ ಬಾವಿ ನೋಡಿದೋರಿಗೆ ಈ ದೃಶ್ಯ ಗೊತ್ತಿರುತ್ತೆ: ತೊಗಲಿನ ಚೀಲ, ಕಿರ್ ಅನ್ನೋ ರಾಟೆ, ಹಗ್ಗದ ತುದಿಗೆ ಕಟ್ಟಿದ ಪ್ರಾಣಿ. ನಮ್ಮಲ್ಲಿ ಎತ್ತು, ಅಲ್ಲಿ ಒಂಟೆ ಇಲ್ಲಾ ಕತ್ತೆಗಳು. ಬಾವಿಗಳ ಆಳ ಎಷ್ಟೋ ಕಡೆ 50-60 ಮೀಟರು, ಅಂದ್ರೆ 20 ಮಹಡಿ ಕಟ್ಟಡದ ಮೇಲಿಂದ ಬಿಂದಿಗೆ ಇಳಿಬಿಟ್ಟ ಹಾಗೆ. ಕತ್ತೆಗಳು ಬಾವಿಯಿಂದ ನೇರವಾಗಿ ನಡೀತಾ ದೂರ ಹೋಗ್ತವೆ, ಚೀಲ ಮೇಲೆ ಬಂದಾಗ ನಿಲ್ತವೆ. ಅವು ನಡೆದ ದೂರ ಅಂದ್ರೆ ಬಾವಿಯ ಆಳ. ಒಂದೊಂದು ಚೀಲಕ್ಕೂ ಅಷ್ಟು ದೂರ ಹೋಗಿ ವಾಪಸ್ ಬರಬೇಕು, ಆ ಹೊತ್ತಲ್ಲಿ ಬಾವಿಗೆ ನೀರು ಮತ್ತೆ ಒಸರಿರುತ್ತೆ. ಪಂಪು ಆ ಪುರುಸೊತ್ತು ಕೊಡಲ್ಲ.

ನಮ್ಮೂರುಗಳಲ್ಲಿ ಈಗಲೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತಿ ನೀರಿನ ಪಾಯಿಂಟು ತೋರಿಸೋರಿದಾರೆ, ಓದಿದ ಜನಾನೂ ಸಾವಿರಾರು ರೂಪಾಯಿ ಕೊಟ್ಟು ಕರೆಸ್ತಾರೆ, ನನಗೆ ಇದು ನಿಜವಾಗ್ಲೂ ಸಂಕಟ ಕೊಡೋ ವಿಷಯ. ಥಾರ್ ಇದಕ್ಕೆ ಒಳ್ಳೇ ಪಾಠ. ಅಲ್ಲಿ ಸಾಕಷ್ಟು ಆಳ ತೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಕಡೆ ನೀರು ಸಿಗುತ್ತೆ, ಕಾಯಿ ಎಲ್ಲಿ ಎದ್ದು ನಿಂತ್ರೂ ಸರಿಯೇ. ಕುಡಿಯೋಕಾಗೋ ನೀರು ಎಲ್ಲಿ, ಎಷ್ಟು ದಪ್ಪ ನಿಂತಿದೆ, ಎಷ್ಟು ಎಳೆದ್ರೆ ಕೆಡುತ್ತೆ ಅನ್ನೋದು ಪ್ರಶ್ನೆ. ಅದನ್ನ ಕಾಯಿ ಹೇಳಲ್ಲ, ಪರೀಕ್ಷೆ ಮಾಡಿದ ನೀರಿನ ಬಾಟಲಿ ಹೇಳುತ್ತೆ.

ಫ್ಲೋರೈಡ್ ಕಥೇನೂ ಹೀಗೇ. ಜಿಲ್ಲೆಯ ದಕ್ಷಿಣದ ನಗರ್‌ಪಾರ್ಕರ್ ಹತ್ರ ಕಾರೂಂಝರ್ ಅಂತ ಗುಲಾಬಿ ಗ್ರಾನೈಟಿನ ಬೆಟ್ಟಸಾಲು ಇದೆ, ಸುಮಾರು 300 ಮೀಟರ್ ಎತ್ತರ, ಸುತ್ತ ಹಳೇ ಜೈನ ಬಸದಿಗಳು, ಭೋಡೇಸರ್‌ನಲ್ಲಿ 1505ರ ಬಿಳಿ ಅಮೃತಶಿಲೆಯ ಮಸೀದಿ. ಕಣ್ಣಿಗೆ ಹಬ್ಬ. ಆದ್ರೆ ಗ್ರಾನೈಟಿನ ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ. ನೀರಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ರೆ ಅದು ಫ್ಲೋರೈಡನ್ನ ಹಿಡಿದು ಕೆಳಗೆ ಕೂರಿಸಿಬಿಡುತ್ತೆ. ಇಲ್ಲಿನ ನೀರು ಅಡುಗೆ ಸೋಡಾ ಕದಡಿದ ನೀರಿನಂಥದ್ದು, ಸೋಡಿಯಂ ಜಾಸ್ತಿ ಕ್ಯಾಲ್ಸಿಯಂ ಕಮ್ಮಿ, ಹಾಗಾಗಿ ಹಿಡಿಯೋರಿಲ್ಲದೆ ಫ್ಲೋರೈಡ್ ನೀರಲ್ಲೇ ಉಳಿಯುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಇಲ್ಲಿ ಅದರ ಹಲವು ಪಟ್ಟು ಇರೋ ಬಾವಿಗಳಿವೆ. ಹಲ್ಲು ಕಂದುಗಟ್ಟೋದು, ಆಮೇಲೆ ಮೂಳೆ ಬಾಗೋದು, ಬೆನ್ನು ಸೆಟೆಯೋದು. ನಮ್ಮ ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯೋರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ, ಅದೇ ಹಲ್ಲು ಅದೇ ಬೆನ್ನು. ಎಲ್ಲೇ ಆಗಲಿ ಇದನ್ನ ಹಿಂದಿನ ಜನ್ಮದ ಪಾಪ, ಮನೆತನದ ಶಾಪ ಅಂತ ಹೇಳೋದನ್ನ ಕೇಳಿದ್ರೆ ಹೊಟ್ಟೆ ಉರಿಯುತ್ತೆ, ಮಗುವಿಗೆ ಬೇರೆ ಬಾವಿ ನೀರು ಕುಡಿಸಿದ್ರೆ ತಪ್ಪೋ ಕಾಯಿಲೆ ಅದು.

ಆಡಳಿತದ ಕಡೆ ಬರೋಣ, ಇಲ್ಲಿ ನಮಗೂ ಒಂದು ಹಳೇ ನಂಟಿದೆ. 1843ರಲ್ಲಿ ಬ್ರಿಟಿಷರು ಸಿಂಧ್ ಹಿಡಿದ್ರು, 1847ರಲ್ಲಿ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿಸಿದ್ರು, 1936ರಲ್ಲಿ ಬೇರೆ ಮಾಡಿದ್ರು. ಅಂದ್ರೆ ಸುಮಾರು 90 ವರ್ಷ ಧಾರವಾಡಕ್ಕೂ ಥಾರ್‌ಪಾರ್ಕರಿಗೂ ಒಬ್ಬನೇ ಗವರ್ನರ್. ಇಲ್ಲಿ ಮಾಮಲೇದಾರ ಅಂದ್ರೆ ಅಲ್ಲಿ ಮುಖ್ತಿಯಾರ್‌ಕಾರ್, ಇಲ್ಲಿ ತಲಾಟಿ ಅಂದ್ರೆ ಅಲ್ಲಿ ತಪೇದಾರ್, ತಾಲೂಕು ಅನ್ನೋ ಪದ ಎರಡು ಕಡೆನೂ ಇವತ್ತಿಗೂ ಹಾಗೇ ಇದೆ. ಆಗಿನ ಜಿಲ್ಲೆ ಇನ್ನೂ ದೊಡ್ಡದು, ಮೀರ್‌ಪುರ್ ಖಾಸ್ ಕಡೆಯ ಕಾಲುವೆ ನೀರಾವರಿ ಭೂಮೀನೂ ಸೇರಿತ್ತು, ಮುಂದೆ ಕಛೇರಿ ಹೋದದ್ದೂ ಅಲ್ಲಿಗೇ. 1990ರಲ್ಲಿ ಒಡೆದ್ರು, ಕೆಲವೇ ವರ್ಷಕ್ಕೆ ಉಮರ್‌ಕೋಟ್ ಕೂಡ ಬೇರೆ ಆಯ್ತು, ಉಳಿದ ಮರಳು ನಾಡಿಗೆ ಮಿಠಿ ರಾಜಧಾನಿ ಆಯ್ತು. ಈಗ ಏಳು ತಾಲೂಕು: ಮಿಠಿ, ಇಸ್ಲಾಂಕೋಟ್, ಛಾಛ್ರೋ, ಡಾಹ್ಲಿ, ಡಿಪ್ಲೋ, ಕಲೋಯಿ, ನಗರ್‌ಪಾರ್ಕರ್.

ಈ ಏಳರ ಕೆಳಗೆ ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳು ಚೆದುರಿಬಿದ್ದಿವೆ. ದಿಬ್ಬಕ್ಕೆ ಅಲ್ಲಿ ಭಿಟ್ ಅಂತಾರೆ, ಎರಡು ಭಿಟ್ ನಡುವಿನ ತಗ್ಗಲ್ಲಿ ಬಾವಿ, ಮಳೆನೀರು ನಿಲ್ಲೋ ಸಣ್ಣ ಕೆರೆಗೆ ತರಾಯಿ, ಪಕ್ಕದಲ್ಲಿ ಚೌಂರಾ ಅನ್ನೋ ದುಂಡು ಗೋಡೆ ಹುಲ್ಲು ಚಾವಣಿಯ ಗುಡಿಸಲುಗಳು. ಬಾವಿ ಎಷ್ಟು ಜನಕ್ಕೆ ಸಾಲುತ್ತೋ ಅಷ್ಟು ದೊಡ್ಡ ಹಳ್ಳಿ. ಅದಕ್ಕೆ ಶಾಲೆ, ಆಸ್ಪತ್ರೆ, ಕರೆಂಟು ಎಲ್ಲಾ ಮುಟ್ಟಿಸೋದು ಇಷ್ಟು ಕಷ್ಟ. ಟಾರು ರಸ್ತೆ ಬರೋವರೆಗೆ ಇಲ್ಲಿನ ಬಸ್ಸು ಅಂದ್ರೆ ಕೇಕಡಾ, ಅಂದ್ರೆ ಏಡಿ, ಎರಡನೇ ಮಹಾಯುದ್ಧ ಕಾಲದ ಮಿಲಿಟರಿ ಲಾರಿ, ಮರಳಲ್ಲಿ ಅದರ ಹಾಗೇ ತೆವಳ್ತಾ ಜನ, ಮೇಕೆ, ಮೂಟೆ ಎಲ್ಲಾ ಹೊತ್ಕೊಂಡು ಹೋಗ್ತಿತ್ತು.

ಆಗಸ್ಟ್ 15ರೊಳಗೆ ಮಳೆ ಬರದಿದ್ರೆ ಬರಪೀಡಿತ ಅಂತ ಘೋಷಿಸೋ ರೂಢಿ ಇದೆ. ಆಗ ಕುಟುಂಬಗಟ್ಟಲೆ ಜನ ದನಕರು ಹೊಡ್ಕೊಂಡು ಬ್ಯಾರೇಜ್ ನೀರಾವರಿ ಕಡೆಗೆ ಗುಳೆ ಹೋಗ್ತಾರೆ. ನಮ್ಮ ರಾಯಚೂರು ಕೊಪ್ಪಳದ ಪದವೇ ಇದಕ್ಕೆ ಸರಿ. 2014ರ ಬರದಲ್ಲಿ ಮಿಠಿಯಲ್ಲಿ ಹಸುಗೂಸುಗಳು ಸತ್ತ ಸುದ್ದಿ ಪ್ರಪಂಚಕ್ಕೆಲ್ಲ ಗೊತ್ತಾಯ್ತು. ಮಳೆ ಇಲ್ಲದ್ದಕ್ಕೆ ಸತ್ತವು ಅಂತ ಬರೆದ್ರು, ಅದು ಅರ್ಧ ಸತ್ಯ. ರಕ್ತ ಇಲ್ಲದ ತಾಯಂದಿರು, ತೂಕ ಇಲ್ಲದ ಕೂಸು, ಹತ್ತಾರು ಮೈಲಿ ದೂರದ ಆಸ್ಪತ್ರೆ, ಇದೆಲ್ಲ ಮಳೆಗಾಲ ಚೆನ್ನಾಗಿದ್ರೂ ಇರ್ತಿತ್ತು.

ಜನರ ವಿಷಯದಲ್ಲೂ ನಮ್ಮ ಕಲ್ಪನೆ ತಪ್ಪು. 2017ರ ಲೆಕ್ಕದಲ್ಲಿ ಈ ಜಿಲ್ಲೆಯ ನೂರಕ್ಕೆ ಸುಮಾರು 43 ಮಂದಿ ಹಿಂದೂಗಳು, ಮಿಠಿ ಊರಲ್ಲಂತೂ ಅವರದ್ದೇ ಬಹುಮತ. ಮೇಘವಾಲ, ಕೋಲ್ಹಿ, ಭೀಲ ಜನ ಹೆಚ್ಚು. 1971ರ ಯುದ್ಧದಲ್ಲಿ ಛಾಛ್ರೋ ಭಾರತದ ಸೇನೆ ಕೈಗೆ ಬಂದಿತ್ತು, ವಾಪಸ್ ಕೊಡೋ ಹೊತ್ತಿಗೆ ಸೋಢಾ ರಜಪೂತರು ಸೇರಿ ಎಷ್ಟೋ ಮನೆತನ ಗಡಿ ದಾಟಿದ್ವು. ಉಳಿದ ಕೋಲ್ಹಿಗಳು ನೆನೆಯೋದು ರೂಪ್ಲೋ ಕೋಲ್ಹಿಯನ್ನ, ಬ್ರಿಟಿಷರು 1858ರಲ್ಲಿ ಗಲ್ಲಿಗೇರಿಸಿದ ನಗರ್‌ಪಾರ್ಕರ್ ವೀರ. ಅದೇ ಸಮುದಾಯದ ಕೃಷ್ಣಕುಮಾರಿ ಕೋಲ್ಹಿ, ಸಣ್ಣವಳಿದ್ದಾಗ ಜೀತದಲ್ಲಿದ್ದ ಹೆಣ್ಣುಮಗಳು, 2018ರಲ್ಲಿ ಪಾಕಿಸ್ತಾನದ ಸೆನೆಟ್ ಸದಸ್ಯೆ ಆದ್ರು.

ಇನ್ನು ಕಲ್ಲಿದ್ದಲು. 1990ರ ದಶಕದ ಶುರುವಲ್ಲಿ ಸಿಕ್ಕಿದ್ದು, ಸುಮಾರು 9,000 ಚದರ ಕಿಲೋಮೀಟರ್ ಕೆಳಗೆ 175 ಶತಕೋಟಿ ಟನ್ ಅಂತ ಅಂದಾಜು, ಲಿಗ್ನೈಟು, ತೂಕದಲ್ಲಿ ಅರ್ಧದ ಹತ್ತತ್ರ ಬರೀ ತೇವ. 2019ರಲ್ಲಿ ಇಸ್ಲಾಂಕೋಟ್ ಹತ್ರದ ಸ್ಥಾವರದಿಂದ ಕರೆಂಟು ಶುರುವಾಯ್ತು, ರಸ್ತೆ ಬಂತು, ಥಾರಿನ ಹೆಂಗಸರು ದೊಡ್ಡ ಡಂಪರ್ ಓಡಿಸೋ ಕೆಲಸಕ್ಕೂ ಸೇರಿದ್ರು, ಇದು ಸಣ್ಣ ಮಾತಲ್ಲ. ಆದ್ರೆ ಕಲ್ಲಿದ್ದಲ ಸುತ್ತ ನೀರಿನ ಮೂರು ಪದರ ಇದೆ: ಮರಳಿನ ತಳದಲ್ಲಿ ಒಂದು, ಕಲ್ಲಿದ್ದಲ ಮೇಲೊಂದು, ಕೆಳಗೊಂದು. ಗಣಿಗುಂಡಿ ಒಣಗಿರಬೇಕು ಅಂದ್ರೆ ಹಗಲು ರಾತ್ರಿ ಪಂಪು ಓಡಲೇಬೇಕು. ಹಾಗೆ ತೆಗೆದ ಉಪ್ಪುನೀರನ್ನ ಗೊರಾಣೋ ಅನ್ನೋ ಹಳ್ಳಿ ಹತ್ರ ಕಟ್ಟೆ ಕಟ್ಟಿ ನಿಲ್ಲಿಸಿದ್ರು, ನಮ್ಮ ಹುಲ್ಲುಗಾವಲು ಹೋಯ್ತು, ಬಾವಿ ಕೆಡುತ್ತೆ ಅಂತ ಜನ ತಿಂಗಳುಗಟ್ಟಲೆ ಧರಣಿ ಕೂತ್ರು. ಮೇಲಿನ ಸಿಹಿ ಪದರ ಎಷ್ಟು ತೆಳು, ಪಕ್ಕದಲ್ಲಿ ಉಪ್ಪುನೀರು ನಿಂತ್ರೆ ಮರಳೊಳಗೆ ಏನೇನಾಗುತ್ತೆ ಅಂತ ಯೋಚಿಸಿದ್ರೆ ಅವರ ಹೆದರಿಕೆಗೆ ಕಾರಣ ತಾನಾಗೇ ಕಾಣುತ್ತೆ.

ಆರ್‌ಒ ಘಟಕಗಳನ್ನೂ ಹಾಕಿದಾರೆ, ಅಂದ್ರೆ ಸಣ್ಣ ತೂತಿನ ಪೊರೆ ಮೂಲಕ ನೀರನ್ನ ಒತ್ತಿ ಉಪ್ಪು ಸೋಸೋ ಯಂತ್ರಗಳು, 2015ರಲ್ಲಿ ಮಿಠಿಯಲ್ಲಿ ಸೂರ್ಯಶಕ್ತಿಯ ದೊಡ್ಡ ಘಟಕ ಶುರುವಾಯ್ತು. ಒಳ್ಳೇದೇ. ಆದ್ರೆ ಅದರ ಪೊರೆ ದಾಟದೆ ಉಳಿಯೋ ನೀರು ಮೊದಲಿಗಿಂತ ಉಪ್ಪಾಗಿರುತ್ತೆ, ಅದನ್ನ ಹತ್ರದ ಮರಳಿಗೇ ಬಿಟ್ರೆ? ಜೇಡಿ ನೆಲ ಆಗಿದ್ರೆ ಮೇಲೇ ನಿಂತೀತು, ಮರಳಲ್ಲಿ ನಿಲ್ಲಲ್ಲ. ಒಂದು ಸೆಂಟಿಮೀಟರಿಗೆ ಹತ್ತು ಸೆಂಟಿಮೀಟರ್ ಲೆಕ್ಕದಲ್ಲಿ, ಮಳೆ ಇಳಿದ ದಾರೀಲೇ ಇಳಿಯುತ್ತೆ.