ಸುತ್ತು ಮೆಟ್ಟಿಲಿಳಿದು ಸೋರುವ ಗಾಳಿ

ಪೇಂಟ್‌ಬಾಲ್ ಆಡುವವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಗಾಳಿ ತುಂಬಿದ ಸಿಲಿಂಡರನ್ನು ತಿರುಗಿಸಿ ಕೂರಿಸಿದ ಕೂಡಲೇ ಮಾರ್ಕರಿನ, ಅಂದರೆ ಬಣ್ಣದ ಗುಂಡು ಹಾರಿಸುವ ಸಾಧನದ, ಯಾವುದೋ ಮೂಲೆಯಿಂದ ಸುಯ್ಯೆಂದು ಗಾಳಿ ಹೊರಡುತ್ತದೆ. ಮಂಗಳೂರಿನ ಹೊರವಲಯದ ಮೈದಾನವೊಂದರಲ್ಲಿ ಗೆಳೆಯರ ಮಾರ್ಕರುಗಳನ್ನು ಬಿಚ್ಚಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಂದಿನಿಂದ ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ಮುರಿದ ಭಾಗಗಳಿಂದ ಆದವಲ್ಲ. ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ, ಇರುವ ಪುಟ್ಟ ಫಿಟ್ಟಿಂಗ್‌ಗಳಿಂದ, ಅಂದರೆ ಗಾಳಿಯ ದಾರಿಯ ಭಾಗಗಳನ್ನು ಜೋಡಿಸುವ ತುಂಡುಗಳಿಂದ, ಆದವು.

ಈ ಫಿಟ್ಟಿಂಗ್‌ಗಳ ಮೇಲೆ ಬೀಳುವ ಒತ್ತಡ ಸಾಮಾನ್ಯದ್ದಲ್ಲ. ಸಿಲಿಂಡರಿನೊಳಗೆ ಚದರ ಅಂಗುಲಕ್ಕೆ 3000 ಅಥವಾ 4500 ಪೌಂಡ್ ಒತ್ತಡದಲ್ಲಿರುವ ಗಾಳಿಯನ್ನು ಅದರ ಬಾಯಲ್ಲಿರುವ ರೆಗ್ಯುಲೇಟರ್ ಹಲವು ಸಿಲಿಂಡರುಗಳಲ್ಲಿ 800ರ ಆಸುಪಾಸಿಗೆ ಇಳಿಸಿ ಮಾರ್ಕರಿಗೆ ಕೊಡುತ್ತದೆ. ನೆಲದಿಂದ 10 ಮೀಟರ್ ಎತ್ತರದ ನೀರಿನ ಟ್ಯಾಂಕು ಕೆಳಗಿನ ನಲ್ಲಿಗೆ ಕೊಡುವ ಒತ್ತಡ ಸುಮಾರು 14 ಪೌಂಡ್ ಮಾತ್ರ.

ಮಾರ್ಕರುಗಳಲ್ಲಿ ಸಾಮಾನ್ಯವಾಗಿರುವುದು ಅಮೆರಿಕದ ಎನ್‌ಪಿಟಿ ಮಾದರಿಯ ಥ್ರೆಡ್. ಇದು ನೇರ ಕೊಳವೆಯಂತಿಲ್ಲ. ಉದ್ದದಲ್ಲಿ 16 ಪಾಲು ಸಾಗುವಷ್ಟರಲ್ಲಿ ವ್ಯಾಸ 1 ಪಾಲು ಹೆಚ್ಚುವಂತೆ ಓರೆಯಾಗಿದೆ. ಹಾಗಾಗಿ ತಿರುಗಿಸಿದಷ್ಟೂ ಬೆಣೆಯಂತೆ ಬಿಗಿಯಾಗುತ್ತದೆ. ಆದರೆ ಎಷ್ಟೇ ಬಿಗಿದರೂ ಒಂದರ ಏಣು ಇನ್ನೊಂದರ ತಗ್ಗನ್ನು ಪೂರ್ತಿಯಾಗಿ ತುಂಬುವುದಿಲ್ಲ. ಅಲ್ಲಿ ಉಳಿಯುವ ಕೂದಲೆಳೆಯ ಸಂದು ಥ್ರೆಡ್ಡಿನ ಜೊತೆಗೇ ಸುತ್ತುತ್ತಾ ಒಳಗಿನಿಂದ ಹೊರಗಿನವರೆಗೆ ಹೋಗುತ್ತದೆ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನು ಹತ್ತಿದವರು ಅದರೊಳಗಿನ ಸುತ್ತು ಮೆಟ್ಟಿಲನ್ನು ನೆನೆಸಿಕೊಂಡರೆ ಗಾಳಿ ಹಿಡಿಯುವ ದಾರಿ ಕಣ್ಣಿಗೆ ಕಟ್ಟುತ್ತದೆ. ಸೋರಿಕೆ ತಡೆಯುವುದೆಂದರೆ ಈ ದಾರಿಯನ್ನು ತುಂಬುವುದೇ ಹೊರತು ಸ್ಪ್ಯಾನರನ್ನು ಇನ್ನಷ್ಟು ಬಲವಾಗಿ ತಿರುಗಿಸುವುದಲ್ಲ. ಹಾಗೆ ತಿರುಗಿಸಿದರೆ ಬೆಣೆ ಮರವನ್ನು ಸೀಳುವಂತೆ ಉಕ್ಕಿನ ಫಿಟ್ಟಿಂಗ್ ಅಲ್ಯುಮಿನಿಯಂ ಮೈಯನ್ನು ಬಿರುಕು ಬಿಡಿಸಬಲ್ಲದು.

ತುಂಬುವುದಕ್ಕೆ ಎಲ್ಲರ ಕೈಗೆ ಮೊದಲು ಸಿಗುವುದು ಬಿಳಿ ಟೆಫ್ಲಾನ್ ಟೇಪು. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಈ ಪದಾರ್ಥ ಅಂಟಲ್ಲ. ಸಂದನ್ನು ತುಂಬುತ್ತದೆ, ಜೊತೆಗೆ ಜಾರಿಸುತ್ತದೆ. ಜಾರಿಸುವುದರಿಂದ ಕೈಗೆ ಹಗುರವೆನಿಸಿ ಅಳತೆ ಮೀರಿ ಬಿಗಿಯುವ ಅಪಾಯವೂ ಇದೆ. ನಲ್ಲಿಗೆ ಇದು ಧಾರಾಳವಾಗಿ ಸಾಕು. ಮಾರ್ಕರಿನಲ್ಲಿ ನನ್ನ ತಕರಾರು ಬೇರೆಯದು: ಥ್ರೆಡ್ಡಿನ ತುದಿಯಲ್ಲಿ ಕತ್ತರಿಸಿಹೋದ ಟೇಪಿನ ಎಳೆ ಗಾಳಿಯೊಡನೆ ಒಳಕ್ಕೆ ಹೋಗಿ, ರೆಗ್ಯುಲೇಟರಿನ ಕವಾಟದಲ್ಲೋ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಕವಾಟದ ಸಣ್ಣ ರಂಧ್ರದಲ್ಲೋ ಕೂತುಬಿಟ್ಟರೆ, ಹೊರಗಿನ ಸೋರಿಕೆಯನ್ನು ನಿಲ್ಲಿಸಲು ಹೋಗಿ ಒಳಗೊಂದನ್ನು ಹುಟ್ಟಿಸಿದಂತಾಗುತ್ತದೆ. ಟೇಪನ್ನೇ ಬಳಸುವುದಾದರೆ ತುದಿಯ ಒಂದೆರಡು ಥ್ರೆಡ್ ಬಿಟ್ಟು, ತುದಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ಎರಡು ಸುತ್ತು ಸುತ್ತಬೇಕು.

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು 1953ರಲ್ಲಿ ವರ್ನನ್ ಕ್ರೀಬಲ್ ರೂಪಿಸಿದ, ಮುಂದೆ ಲಾಕ್‌ಟೈಟ್ ಎಂದು ಹೆಸರಾದ ಬಗೆಯ ದ್ರವ. ಆಮ್ಲಜನಕ ಇರುವ ತನಕ ಇದು ಗಟ್ಟಿಯಾಗುವುದಿಲ್ಲ; ಅದಕ್ಕೆಂದೇ ಬಾಟಲಿಯಲ್ಲಿ ಗಾಳಿಗೆ ಜಾಗ ಬಿಟ್ಟು ತುಂಬುತ್ತಾರೆ. ಥ್ರೆಡ್ಡಿನ ಸಂದಿನಲ್ಲಿ ಗಾಳಿ ತಪ್ಪಿ, ಲೋಹದ ಅಯಾನುಗಳ ಸಂಪರ್ಕ ಬಂದಾಗ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪ್ಲಾಸ್ಟಿಕ್ ಆಗುತ್ತವೆ. ಹಿತ್ತಾಳೆಯಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಮಾರ್ಕರಿನ ಆನೊಡೈಸ್ ಮಾಡಿದ, ಅಂದರೆ ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಬರಿಸಿದ, ಅಲ್ಯುಮಿನಿಯಂ ಮತ್ತು ಸ್ಟೇನ್‌ಲೆಸ್ ಉಕ್ಕು ಅಯಾನುಗಳನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಅಲ್ಲಿ ಒಂದು ದಿನವಾದರೂ ಕಾಯುವುದು ಲೇಸು. ಹಚ್ಚುವ ಮುನ್ನ ಎಣ್ಣೆಯ ಪಸೆ ಪೂರ್ತಿ ಹೋಗಿರಬೇಕು. ಕೆಲವು ಪ್ಲಾಸ್ಟಿಕ್‌ಗಳು ಈ ದ್ರವ ತಗುಲಿದರೆ ಸೀಳುತ್ತವೆ, ಗಾಳಿ ತಡೆಯುವ ರಬ್ಬರಿನಂಥ ಬಳೆಗಳಾದ ಓ-ರಿಂಗ್‌ಗಳಿಗೂ ತಾಗಿಸಬಾರದು.

ನಮ್ಮ ಊರಿನಲ್ಲಿ ಇನ್ನೊಂದು ತೊಡಕಿದೆ. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಬ್ರಿಟಿಷ್ ಮಾದರಿಯ ಬಿಎಸ್‌ಪಿ ಫಿಟ್ಟಿಂಗ್. ಎಂಟನೇ ಒಂದು ಅಂಗುಲದ ಅಳತೆಯಲ್ಲಿ ಅದಕ್ಕೆ ಅಂಗುಲಕ್ಕೆ 28 ಥ್ರೆಡ್, ಏಣಿನ ಎರಡು ಬದಿಗಳ ನಡುವಿನ ಕೋನ 55 ಡಿಗ್ರಿ. ಎನ್‌ಪಿಟಿಗೆ 27 ಥ್ರೆಡ್, ಕೋನ 60 ಡಿಗ್ರಿ. ಎರಡು ಮೂರು ಸುತ್ತು ಒಳಹೊಕ್ಕು ಸರಿಯಾಗಿ ಕೂತಂತೆಯೇ ತೋರುವುದರಿಂದ ಮೋಸಹೋಗುವುದು ಸುಲಭ. ಈ ಅಸಾಮ್ಯವನ್ನು ಯಾವ ಟೇಪೂ ಯಾವ ದ್ರವವೂ ಸರಿಪಡಿಸದು. 800 ಪೌಂಡ್ ಒತ್ತಡದಲ್ಲಿ ಅಂಥ ಜೋಡಣೆ ಸಿಡಿದುಹೋಗಬಹುದು.

ಗಾಳಿಯ ಬದಲು, ಸಿಲಿಂಡರಿನಲ್ಲಿ ದ್ರವರೂಪದಲ್ಲಿರುವ ಇಂಗಾಲದ ಡೈಆಕ್ಸೈಡ್ ಬಳಸುವವರು ಸೆಖೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 830 ಪೌಂಡ್. 31 ಡಿಗ್ರಿ ದಾಟಿದರೆ ಸಿಲಿಂಡರಿನಲ್ಲಿ ದ್ರವವೆಂಬುದೇ ಉಳಿಯದು. ಪೂರ್ತಿ ತುಂಬಿದ ಸಿಲಿಂಡರಿನಲ್ಲಿ ಅಲ್ಲಿಂದ ಮುಂದೆ ಒತ್ತಡ ಕಡಿದಾಗಿ ಏರುತ್ತದೆ. ಕರಾವಳಿಯ ಏಪ್ರಿಲ್ ಮಧ್ಯಾಹ್ನ ಈ ಗಡಿಯನ್ನು ನೆರಳಿನಲ್ಲೇ ದಾಟುತ್ತದೆ. ಬೆಳಿಗ್ಗೆ ಸೋರದ ಫಿಟ್ಟಿಂಗ್ ಮಧ್ಯಾಹ್ನ ಸೋರುವುದಕ್ಕೆ ಇದೂ ಒಂದು ಕಾರಣ.

ಸಿಲಿಂಡರನ್ನು ಮಾರ್ಕರಿಗೆ ಕೂರಿಸುವ ದೊಡ್ಡ ಥ್ರೆಡ್ಡಿಗೆ ಮಾತ್ರ ಏನನ್ನೂ ಹಚ್ಚಬಾರದು. ಅದು ಓರೆಯಿಲ್ಲದ ಥ್ರೆಡ್; ಅಲ್ಲಿ ಗಾಳಿಯನ್ನು ತಡೆಯುವುದು ಓ-ರಿಂಗ್. ಸೋರಿದರೆ ಆ ರಿಂಗನ್ನು ಬದಲಿಸಿದರಾಯಿತು. ಉಳಿದ ಫಿಟ್ಟಿಂಗ್‌ಗಳನ್ನು ಮುಟ್ಟುವ ಮುನ್ನ ಸಿಲಿಂಡರನ್ನು ಕಳಚಿ, ಒಳಗುಳಿದ ಗಾಳಿಯನ್ನು ಹೊರಬಿಟ್ಟು, ಆಮೇಲಷ್ಟೇ ಸ್ಪ್ಯಾನರ್ ಹಿಡಿಯಬೇಕು. ಕೆಲಸ ಮುಗಿದ ಮರುದಿನ ಗಾಳಿ ಕೊಟ್ಟು, ಪ್ರತಿ ಫಿಟ್ಟಿಂಗ್‌ನ ಸುತ್ತ ಸಾಬೂನು ನೀರನ್ನು ಬ್ರಶ್ಶಿನಿಂದ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಒಂದೆರಡು ನಿಮಿಷ ನೋಡುತ್ತಾ ಕೂರಬೇಕು.