ಮಂಗನ ಕಾಯಿಲೆಯ ಸಂಶೋಧಕರನ್ನು ಅಳೆಯುವುದು ಹೇಗೆ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇಲ್ಲಿಗೆ ಬಂದರು. ಅವರಿಗೆ ಸಿಕ್ಕಿದ್ದು ಬೇರೆಯೇ ವೈರಸ್. ಉಣುಗು ಕಚ್ಚಿ ಹರಡುವಂಥದ್ದು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ಕ್ಯಾಸನೂರಿನ ಹೆಸರೇ ನಿಂತಿದೆ. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ.

ಈ ವೈರಸ್ಸಿನ ಜೀನುಗಳನ್ನು ಓದುವ ಮಾಲೆಕ್ಯುಲರ್ ಬಯಾಲಜಿ ಸಂಶೋಧಕಿಯೊಬ್ಬರು ಹುದ್ದೆಗೋ ಅನುದಾನಕ್ಕೋ ಅರ್ಜಿ ಹಾಕಿದರು ಎನ್ನಿ. ಆಯ್ಕೆ ಸಮಿತಿ ಮೊದಲು ನೋಡುವುದು ಎಷ್ಟು ಪ್ರಬಂಧ ಬಂದಿವೆ, ಹೆಸರು ಎಷ್ಟನೆಯದು ಎಂಬುದನ್ನು. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಪ್ರಯೋಗ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಆಮೇಲೆ, ಆ ಪ್ರಬಂಧಗಳನ್ನು ಇತರರು ತಮ್ಮ ಬರಹದಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ. ಎರಡನ್ನೂ ಸೇರಿಸಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಎಚ್-ಸೂಚ್ಯಂಕ ಕೊಟ್ಟರು: ಕನಿಷ್ಠ 20 ಸಲ ಉಲ್ಲೇಖವಾದ 20 ಪ್ರಬಂಧಗಳಿದ್ದರೆ ಸೂಚ್ಯಂಕ 20.

ಉಲ್ಲೇಖದ ಸಂಖ್ಯೆ ಹೇಳುವುದೇನನ್ನು? ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದರು. 2014ರ ಹೊತ್ತಿಗೆ ಅದರ ಉಲ್ಲೇಖ 3 ಲಕ್ಷ ದಾಟಿತ್ತು. ಅಷ್ಟು ಉಲ್ಲೇಖ ಪಡೆದ ಪ್ರಬಂಧ ಇನ್ನೊಂದಿರಲಿಲ್ಲ. ಡಿಎನ್ಎಯ ಜೋಡಿ ಸುರುಳಿಯನ್ನು ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ ಆಗಿನ ಮೊದಲ ನೂರರಲ್ಲೂ ಇರಲಿಲ್ಲ. ಪ್ರೋಟೀನ್ ಅಳೆಯುವವರು ಊರೂರಲ್ಲಿದ್ದಾರೆ, ಅಳೆದ ಪ್ರತಿ ಸಲವೂ ವಿಧಾನದ ಮೂಲ ಹೇಳಬೇಕು. ಜೋಡಿ ಸುರುಳಿಯೋ ಪಠ್ಯಪುಸ್ತಕ ಸೇರಿತು. ಈಗ ಅದರ ಮೂಲವನ್ನು ಯಾರೂ ಹೇಳಬೇಕಿಲ್ಲ. ಅಂದರೆ ಒಂದು ಪ್ರಬಂಧ ಇತರ ಪ್ರಬಂಧ ಬರೆಯುವವರಿಗೆ ಎಷ್ಟು ಬಳಕೆಗೆ ಬಂತು ಎಂಬುದಷ್ಟೇ ಈ ಸಂಖ್ಯೆಯ ಲೆಕ್ಕ.

ಮಂಗನ ಕಾಯಿಲೆಯ ಬಗ್ಗೆ ಪ್ರಬಂಧ ಬರೆಯುವವರೇ ಕಡಿಮೆ. ಜೀವಂತ ವೈರಸ್ಸನ್ನು ಬೆಳೆಸಿ ಪ್ರಯೋಗ ಮಾಡಲು ಅತಿ ಕಟ್ಟುನಿಟ್ಟಿನ ಸುರಕ್ಷತೆ ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಬಿಎಸ್ಎಲ್-4, ಅಂದರೆ ಅತ್ಯುನ್ನತ ಸುರಕ್ಷತಾ ಮಟ್ಟದ, ಪ್ರಯೋಗಾಲಯಗಳು ಬೆರಳೆಣಿಕೆಯವು. ಬರೆಯುವವರು ಕೆಲವರೇ ಆದಾಗ ಉಲ್ಲೇಖಿಸುವವರೂ ಕೆಲವರೇ. ಕ್ಯಾನ್ಸರ್ ಜೀನಿನ ಮೇಲೆ ಕೆಲಸ ಮಾಡುವವರ ಅಂಕಿಯ ಪಕ್ಕ ನಮ್ಮ ಸಂಶೋಧಕಿಯ ಅಂಕಿ ಇಟ್ಟು ಯೋಗ್ಯತೆ ತೂಗುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಅವರ ಕೆಲಸದ ಫಲ ಬೇರೆ ಕಡೆ ಕಾಣುತ್ತದೆ. ಹಿಂದೆ ಶಂಕಿತ ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು. ವೈರಸ್ಸಿನ ಆರ್‌ಎನ್‌ಎಯಲ್ಲಿ ಸುಮಾರು 11,000 ಅಕ್ಷರಗಳಿವೆ. ಅವುಗಳಲ್ಲಿ ಈ ವೈರಸ್ಸಿಗೇ ವಿಶಿಷ್ಟವಾದ, ತಳಿಯಿಂದ ತಳಿಗೆ ಬದಲಾಗದ ಪುಟ್ಟ ತುಣುಕುಗಳನ್ನು ಗುರುತಿಸಿ, ಅವಕ್ಕೆ ಅಂಟಿಕೊಳ್ಳುವ ಪುಟ್ಟ ಡಿಎನ್ಎ ಎಳೆಗಳಾದ ಪ್ರೈಮರ್‌ಗಳನ್ನು ರೂಪಿಸಿದ ಮೇಲೆ ಪಿಸಿಆರ್ ಪರೀಕ್ಷೆ ಸಾಧ್ಯವಾಯಿತು. ಜ್ವರದ ಮೊದಲ ದಿನಗಳಲ್ಲೇ ರಕ್ತ ತೆಗೆದರೆ ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ದರಗು ತರಲು ಕಾಡಿಗೆ ಹೋಗಿ ಜ್ವರ ಹತ್ತಿಸಿಕೊಂಡ ತೀರ್ಥಹಳ್ಳಿ ಕಡೆಯ ಹೆಂಗಸಿಗೆ ಆ ಗಂಟೆಗಳು ಬಹಳ ದೊಡ್ಡವು: ಈ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ, ಬೇಗ ಗೊತ್ತಾದರೆ ರಕ್ತಸ್ರಾವದ ಮೇಲೆ ಕಣ್ಣಿಟ್ಟು ಆರೈಕೆ ಮಾಡಬಹುದು. ಹೀಗೆ ಪರೀಕ್ಷೆಯಾದ ಒಂದೊಂದು ರಕ್ತದ ಮಾದರಿಯೂ ಆ ತುಣುಕುಗಳನ್ನು ಗುರುತಿಸಿದ ಪ್ರಬಂಧದ ಬಳಕೆಯೇ. ಯಾವ ಉಲ್ಲೇಖ ಪಟ್ಟಿಯಲ್ಲೂ ಅದು ಸೇರುವುದಿಲ್ಲ.

2012ರಲ್ಲಿ ಅಮೆರಿಕದ ಜೀವಕೋಶ ವಿಜ್ಞಾನಿಗಳ ಸಮ್ಮೇಳನದಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯೂ ಪ್ರಬಂಧ ಅಚ್ಚಾದ ವಿಜ್ಞಾನ ಪತ್ರಿಕೆಗೆ ಸಿಗುವ ಉಲ್ಲೇಖದ ಅಂಕಿಯಿಂದ ಸಂಶೋಧಕರನ್ನು ಅಳೆಯಬೇಡಿ, ಕೆಲಸವನ್ನೇ ಓದಿ ಎಂದಿತು. ಮಲೆನಾಡಿನ ಮಟ್ಟಿಗೆ ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಈ ಪ್ರೈಮರ್‌ಗಳನ್ನು ಯಾವ ಜಿಲ್ಲೆಯ ಪ್ರಯೋಗಾಲಯ ಬಳಸುತ್ತಿದೆ?

ಇತ್ತೀಚಿನ ವರ್ಷಗಳಲ್ಲಿ ಕಾಯಿಲೆ ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿಕೊಂಡಿದೆ. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಸಿಕ್ಕ ಅಲ್ಖುರ್ಮಾ ವೈರಸ್ ಇದರ ಹತ್ತಿರದ ನೆಂಟ. ಹೊಸ ಜಾಗದಲ್ಲಿ ರೋಗ ಕಂಡಾಗ ಅಲ್ಲಿನವರು ಹಳೆಯ ಕ್ಯಾಸನೂರು ಪ್ರಬಂಧಗಳನ್ನು ತೆಗೆದು ಓದಬೇಕಾಗುತ್ತದೆ, ಉಲ್ಲೇಖ ಏರುತ್ತದೆ. ಪ್ರಬಂಧದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ, ಬದಲಾಗಿರುವುದು ರೋಗ ಹಬ್ಬಿದ ದೂರ.